ಹುಳುಕಡ್ಡಿ, ಕುರು ಮತ್ತು ಜೀವಕೋಶದೊಳಗಿನ ಭೇದ

ಜನಪದರು ಕಾಯಿಲೆಗಳನ್ನು ಗುರುತಿಸುವುದು ಬಹುಮಟ್ಟಿಗೆ ಕಣ್ಣಿಗೆ ಕಾಣುವ ರೂಪದಿಂದ. ಚರ್ಮದ ಮೇಲೆ ಉಂಗುರದಂತೆ ಹರಡುವ ತುರಿಕೆ ‘ಹುಳುಕಡ್ಡಿ’. ಕೀವು ತುಂಬಿ ಬಾತುಕೊಳ್ಳುವುದು ‘ಕುರು’. ಎರಡೂ ಚರ್ಮರೋಗಗಳೇ. ಆದರೆ ಇವುಗಳ ನಡುವಿನ ಮೂಲಭೂತ ವ್ಯತ್ಯಾಸವು ಚರ್ಮದ ಮೇಲಿಲ್ಲ. ರೋಗಕಾರಕ ಜೀವಿಯ ಕೋಶದೊಳಗಿದೆ.

ಕುರುವಿಗೆ ಸಾಮಾನ್ಯ ಕಾರಣ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ. ಸುಮಾರು 1 ಮೈಕ್ರೊಮೀಟರ್ ಗಾತ್ರದ ಇದರ ಕೋಶದಲ್ಲಿ ಡಿಎನ್‌ಎಯನ್ನು ಸುತ್ತುವರಿದ ಪೊರೆಯಿಲ್ಲ, ಮೈಟೊಕಾಂಡ್ರಿಯವೂ ಇಲ್ಲ. ರೈಬೊಸೋಮುಗಳು 70ಎಸ್ ಬಗೆಯವು, ಕೋಶಭಿತ್ತಿ ಪೆಪ್ಟಿಡೊಗ್ಲೈಕನ್‌ನಿಂದಾದುದು. ಇಂತಹ ಕೋಶವೇ ಪ್ರೊಕ್ಯಾರಿಯೋಟಿಕ್ ಕೋಶ.

ಹುಳುಕಡ್ಡಿಯ ಹೆಸರಿನಲ್ಲಿ ಹುಳುವಿದ್ದರೂ ಅದಕ್ಕೆ ಕಾರಣ ಟ್ರೈಕೊಫೈಟಾನ್ ಮೊದಲಾದ ಶಿಲೀಂಧ್ರಗಳು. ಇವುಗಳ ಡಿಎನ್‌ಎ ಪೊರೆಯಿಂದ ಆವೃತವಾದ ಕೋಶಕೇಂದ್ರದಲ್ಲಿದೆ; ಮೈಟೊಕಾಂಡ್ರಿಯಗಳಿವೆ; ಕೋಶದ್ರವ್ಯದ ರೈಬೊಸೋಮುಗಳು 80ಎಸ್ ಬಗೆಯವು. ಇದು ಯೂಕ್ಯಾರಿಯೋಟಿಕ್ ಕೋಶ. ಸಸ್ಯ, ಪ್ರಾಣಿ, ಮನುಷ್ಯರ ಕೋಶಗಳೂ ಈ ಬಗೆಯವೇ. ಏಕಕೋಶ ಜೀವಿಗಳೆಲ್ಲ ಪ್ರೊಕ್ಯಾರಿಯೋಟುಗಳೆಂದು ಭಾವಿಸಬಾರದು. ಹೆಂಡವನ್ನು ಹುಳಿಸುವ ಯೀಸ್ಟ್ ಏಕಕೋಶಿಯಾದರೂ ಯೂಕ್ಯಾರಿಯೋಟ್.

‘ಕ್ಯಾರಿಯಾನ್’ ಎಂದರೆ ಗ್ರೀಕ್ ಭಾಷೆಯಲ್ಲಿ ಬೀಜದ ತಿರುಳು. ಫ್ರಾನ್ಸಿನ ಎಡ್ವಾರ್ ಶಾಟನ್ 1925ರಲ್ಲಿ ಈ ಎರಡು ಪದಗಳನ್ನು ಬಳಸಿದರು. 1962ರಲ್ಲಿ ಸ್ಟೇನಿಯರ್ ಮತ್ತು ವಾನ್ ನೀಲ್ ಅವುಗಳ ಅರ್ಥವನ್ನು ಖಚಿತಗೊಳಿಸಿದರು. ಕೋಶಕೇಂದ್ರವಿಲ್ಲದವುಗಳಲ್ಲಿಯೇ ಆರ್ಕಿಯ ಎಂಬ ಪ್ರತ್ಯೇಕ ಕವಲಿದೆಯೆಂಬುದನ್ನು 1977ರಲ್ಲಿ ವೋಸ್ ಮತ್ತು ಫಾಕ್ಸ್ ತೋರಿಸಿದರು.

ಈ ಭೇದವು ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಪೆನಿಸಿಲಿನ್ ಪೆಪ್ಟಿಡೊಗ್ಲೈಕನ್ ಭಿತ್ತಿಯ ನಿರ್ಮಾಣವನ್ನು ತಡೆಯುತ್ತದೆ. ಮನುಷ್ಯನ ಕೋಶದಲ್ಲಿ ಆ ಭಿತ್ತಿಯಿಲ್ಲವಾದುದರಿಂದ ಅದು ನಮ್ಮ ಕೋಶಕ್ಕೆ ಹಾನಿ ಮಾಡದು. ಶಿಲೀಂಧ್ರದಲ್ಲಿಯೂ ಇಲ್ಲವಾದುದರಿಂದ ಹುಳುಕಡ್ಡಿಗೆ ನಾಟದು. ಕುರುವಿಗೆಂದು ತಂದು ಉಳಿದ ಮಾತ್ರೆಯನ್ನು ಹುಳುಕಡ್ಡಿಗೆ ನುಂಗಿದರೆ ರೋಗ ಹಾಗೆಯೇ ಉಳಿದು, ಮೈಯಲ್ಲಿರುವ ಬ್ಯಾಕ್ಟೀರಿಯಗಳು ಔಷಧಕ್ಕೆ ಜಗ್ಗದಂತಾಗುವ ಸಂಭವವಿದೆ. ಶಿಲೀಂಧ್ರದ ಕೋಶ ನಮ್ಮ ಕೋಶವನ್ನು ಹೋಲುವುದರಿಂದ ಅದಕ್ಕೆ ಮದ್ದು ಹುಡುಕುವುದು ಕಷ್ಟ. ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್, ನಮ್ಮದರಲ್ಲಿ ಕೊಲೆಸ್ಟೆರಾಲ್ ಇರುವ ಸಣ್ಣ ಅಂತರವನ್ನೇ ಅನೇಕ ಶಿಲೀಂಧ್ರನಾಶಕಗಳು ಆಶ್ರಯಿಸಿವೆ.

ನಾಟಿ ವೈದ್ಯವನ್ನು ಸಂಗ್ರಹಿಸುವವರೂ ಇದನ್ನು ಗಮನಿಸಬೇಕು. ಹುಳುಕಡ್ಡಿಗೆ ಹಚ್ಚುವ ಸೊಪ್ಪನ್ನು ‘ಚರ್ಮರೋಗದ ಮದ್ದು’ ಎಂದಷ್ಟೇ ಬರೆದಿಟ್ಟರೆ, ಮುಂದೆ ಪ್ರಯೋಗಾಲಯದಲ್ಲಿ ಅದನ್ನು ಬ್ಯಾಕ್ಟೀರಿಯದ ಮೇಲೆ ಪರೀಕ್ಷಿಸಿ ನಿರುಪಯುಕ್ತವೆಂದು ಕೈಬಿಡಬಹುದು. ಆದ್ದರಿಂದ ವಕ್ತೃ ಹೇಳಿದ ಹೆಸರನ್ನು, ಅವರು ತೋರಿಸಿದ ಲಕ್ಷಣವನ್ನು ಇದ್ದಂತೆಯೇ ದಾಖಲಿಸುವುದು ಅವಶ್ಯ.