ಗುರುತು ಹಾಕಿ ಬಿಚ್ಚಿದ ದರ್ಬಾರು

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರಕ್ಕೆ ಹೊರಗಿನವರು ಬರುವುದು ಎರಡು ಕಾರಣಕ್ಕೆ. ಒಂದು ಕಬ್ಬು, ಇನ್ನೊಂದು ನಾಯಿ. ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇಲ್ಲಿದೆ. ನುರಿಸುವ ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಂಡಿರುತ್ತವೆ. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇರುವುದೂ ಇಲ್ಲಿಯೇ. ತೆಳ್ಳನೆಯ ಸೊಂಟದ, ಉದ್ದ ಮೂತಿಯ ಮುಧೋಳ ಬೇಟೆ ನಾಯಿಯ ತಳಿ ಕೆಡದಂತೆ ಕಾಯುವ ಕೆಲಸ ಈ ಕೇಂದ್ರದ್ದು. ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾವ್ ಅಕ್ಕರೆಯಿಂದ ಬೆಳೆಸಿ, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಉಡುಗೊರೆಯಾಗಿ ಕೊಟ್ಟ ತಳಿ ಇದು. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿಯೂ ಬಂತು. ಅರಮನೆಯ ಆಶ್ರಯ ತಪ್ಪಿದ ಮೇಲೂ ನಾಯಿ ಊರು ಬಿಡಲಿಲ್ಲ.

ಅದೇ ಅರಮನೆಯ ದರ್ಬಾರು ಮಾತ್ರ ಊರು ಬಿಟ್ಟಿತು.

ಕೆತ್ತನೆಯ ಮರಗೆಲಸದ ಮುಧೋಳ ಅರಮನೆಯ ದರ್ಬಾರ್ ಹಾಲ್ ಇವತ್ತು ನಿಂತಿರುವುದು ಇಲ್ಲಿಂದ ಸುಮಾರು ನಾನೂರು ಕಿಲೋಮೀಟರ್ ಆಚೆ, ಘಟ್ಟದ ಕೆಳಗೆ, ಮಣಿಪಾಲದಲ್ಲಿ. ಮಣ್ಣಪಳ್ಳ ಕೆರೆಯ ಹತ್ತಿರದ ‘ಹಸ್ತಶಿಲ್ಪ’ ಹೆರಿಟೇಜ್ ವಿಲೇಜ್‌ನ ಆವರಣದಲ್ಲಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ನಮ್ಮ ಕಡೆಯಿಂದ ಉಡುಪಿ, ಕೊಲ್ಲೂರು ಯಾತ್ರೆಗೆ ಹೋಗುವ ಬಸ್ಸುಗಳಿಗೆ ಲೆಕ್ಕವಿಲ್ಲ. ಆದರೆ ಕೃಷ್ಣಮಠದಿಂದ ನಾಲ್ಕಾರು ಕಿಲೋಮೀಟರ್ ದೂರದಲ್ಲಿ ತಮ್ಮ ರಾಜರ ದರ್ಬಾರು ಇದೆಯೆಂದು ತಿಳಿದು ಆ ಕಡೆ ತಿರುಗಿದವರನ್ನು ನಾನು ಹೆಚ್ಚು ಕಂಡಿಲ್ಲ. ಈ ಲೇಖನ ಅದನ್ನು ನೋಡದೆ ಮರಳಿದವರಿಗಾಗಿ.

ಹಸ್ತಶಿಲ್ಪವನ್ನು ಕಟ್ಟಿದವರು ವಿಜಯನಾಥ ಶೆಣೈ. ವಾಸ್ತುಶಿಲ್ಪ ಓದಿದವರಲ್ಲ, ಸಿಂಡಿಕೇಟ್ ಬ್ಯಾಂಕಿನ ನೌಕರ. ತಮ್ಮ ಸುತ್ತಲಿನ ಹಳೆಯ ಮನೆಗಳು ಒಂದೊಂದಾಗಿ ಉರುಳುವುದನ್ನೂ, ಕೆತ್ತನೆಯ ಬಾಗಿಲುಗಳು ಸೌದೆಯ ಬೆಲೆಗೆ ಹೋಗುವುದನ್ನೂ ನೋಡಿ ತಡೆಯಲಾರದೆ ಅವನ್ನು ಕೊಂಡು ತಂದರು. ಹಾಗೆ ತಂದ ಕಂಬ, ಬಾಗಿಲು, ಕಿಟಕಿಗಳನ್ನೇ ಜೋಡಿಸಿ ಮಣಿಪಾಲದಲ್ಲಿ ತಮಗೊಂದು ಮನೆ ಕಟ್ಟಿಕೊಂಡರು. ಆ ಮನೆಗೆ ಇಟ್ಟ ಹೆಸರೇ ಹಸ್ತಶಿಲ್ಪ. ನೋಡಲು ಬರುವವರು ಹೆಚ್ಚಾಗಿ ಮನೆಯೇ ಮ್ಯೂಸಿಯಂ ಆಯಿತು. ಆಮೇಲೆ ಬಿಡಿ ಭಾಗಗಳಿಂದ ಇಡೀ ಮನೆಗಳತ್ತ ಅವರ ಮನಸ್ಸು ಹೊರಳಿತು. ಉರುಳಲಿದ್ದ ಮನೆಯನ್ನು ಬುಡಸಮೇತ ಬಿಚ್ಚಿ ತಂದು, ಇದ್ದ ಹಾಗೆಯೇ ನಿಲ್ಲಿಸುವ ಹುಚ್ಚು ಅದು. ಟ್ರಸ್ಟ್ ಆಯಿತು, ಆರು ಎಕರೆಯಷ್ಟು ಜಾಗವಾಯಿತು, ನಾರ್ವೆ ಮತ್ತು ಫಿನ್ಲೆಂಡ್ ಸರ್ಕಾರಗಳ ನೆರವೂ ಬಂತು. ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲ್, ಮಿಯಾರಿನ ಮನೆ, ಭಟ್ಕಳದ ನವಾಯತರ ಮನೆ, ವೀರಶೈವ ಜಂಗಮ ಮಠ, ದಖ್ಖನಿ ನವಾಬರ ಮಹಲ್ ಎಲ್ಲವೂ ಅಲ್ಲಿ ನೆರೆಹೊರೆಯವರಾಗಿವೆ. ಆ ಸಾಲಿನಲ್ಲಿ ನಮ್ಮ ಮುಧೋಳದ ದರ್ಬಾರೂ ಒಂದು. ಶೆಣೈ ಅವರು 2017ರ ಮಾರ್ಚ್‌ನಲ್ಲಿ ತೀರಿಕೊಂಡರು. ಒಬ್ಬ ಬ್ಯಾಂಕ್ ನೌಕರ ಒಂದು ಜನ್ಮದಲ್ಲಿ ಮಾಡಿದ ಈ ಕೆಲಸವನ್ನು ನಮ್ಮ ಎಷ್ಟೋ ಇಲಾಖೆಗಳು ಸೇರಿಯೂ ಮಾಡಿಲ್ಲ ಎಂದೇ ನಾನು ನಂಬಿದ್ದೇನೆ.

ಕಟ್ಟಡವನ್ನು ಬಿಚ್ಚಿ ಬೇರೆಡೆ ಒಯ್ಯುವುದೆಂದರೆ ಏನು? ನಮ್ಮ ಮಾಳಿಗೆ ಮನೆಯನ್ನೇ ತೆಗೆದುಕೊಳ್ಳಿ. ‘ಎಷ್ಟು ಅಂಕಣದ ಮನೆ’ ಎಂದು ನಾವು ಕೇಳುವುದೇ ಕಂಬಗಳ ನಡುವಿನ ಅಂತರ ಹಿಡಿದು. ಮನೆಯ ಭಾರ ಹೊರುವುದು ಮರದ ಚೌಕಟ್ಟು. ಕಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ತಪ್ಪಲು ಹಾಸಿ ಮಣ್ಣಿನ ಮೇಲ್ಮುದ್ದೆ. ಒಂದರ ತುದಿಯನ್ನು ನಾಲಿಗೆಯಂತೆ ಸಣ್ಣದು ಮಾಡಿ ಇನ್ನೊಂದರ ತೂತಿನಲ್ಲಿ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿದರೆ ಜೋಡಣೆ ಮುಗಿಯಿತು. ಗೂಟ ತೆಗೆದರೆ ಜೋಡಣೆ ಬಿಚ್ಚುತ್ತದೆ. ಸಿಮೆಂಟಿನ ಮನೆಗೆ ಈ ಗುಣವಿಲ್ಲ. ಅದನ್ನು ಒಡೆಯಬಹುದು, ಬಿಚ್ಚಲಾಗದು. ಹಳೆಯ ಬಡಿಗೇರರು ಬಾಚಿ, ಉಳಿ, ಕೊಡತಿ ಹಿಡಿದು ಮಾಡಿದ ಜೋಡಣೆಯಲ್ಲಿ ಮನೆಯನ್ನು ಮುಂದೊಂದು ದಿನ ಬಿಚ್ಚುವ ದಾರಿಯೂ ಸೇರಿಕೊಂಡಿತ್ತು.

ಬಿಚ್ಚುವ ಕ್ರಮ ಕಟ್ಟಿದ ಕ್ರಮಕ್ಕೆ ತಿರುಗುಮುರುಗು. ಮೊದಲು ಮಣ್ಣಿನ ಭಾರ ಇಳಿಸಬೇಕು, ಅದೂ ಎರಡೂ ಕಡೆಯಿಂದ ಸಮನಾಗಿ. ಒಂದೇ ಮಗ್ಗುಲಿನಿಂದ ಇಳಿಸುತ್ತ ಹೋದರೆ ಚೌಕಟ್ಟು ವಾಲಿ ಕಂಬದ ನಾಲಿಗೆ ಮುರಿಯುತ್ತದೆ. ಆಮೇಲೆ ಹಲಗೆ, ಜಂತಿ, ತೊಲೆ, ಬೋದಿಗೆ, ಕೊನೆಗೆ ಕಂಬ. ಆದರೆ ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದು ಗುರುತು ಹಾಕುವುದು. ಪ್ರತಿ ತುಂಡಿಗೂ ಒಂದು ಅಂಕಿ ಬೇಕು. ಯಾವ ಸಾಲು, ಎಷ್ಟನೆಯದು, ಯಾವ ಮುಖ ಯಾವ ದಿಕ್ಕಿಗೆ, ಅಷ್ಟೂ ಅದರಲ್ಲಿರಬೇಕು. ಅದೇ ಅಂಕಿ ನಕ್ಷೆಯಲ್ಲೂ ಇರಬೇಕು. ಹೊರಗಣ್ಣಿಗೆ ಎಲ್ಲ ಕಂಬಗಳೂ ಒಂದೇ ತೆರ. ಆದರೆ ಕೈಗೆಲಸದಲ್ಲಿ ಒಂದು ತೂತಿನ ಅಳತೆ ಇನ್ನೊಂದಕ್ಕಿಲ್ಲ, ಮೂರನೆಯ ಕಂಬ ಐದನೆಯದರ ಜಾಗದಲ್ಲಿ ಕೂರುವುದಿಲ್ಲ. ಯುರೋಪಿನ ಹಳೆಯ ಮರದ ಚಾವಣಿಗಳ ತೊಲೆಗಳಲ್ಲಿ ಇವತ್ತಿಗೂ ಉಳಿಯಲ್ಲಿ ಕೊರೆದ ರೋಮನ್ ಅಂಕಿಗಳು ಕಾಣುತ್ತವೆ. ಕಟ್ಟುವಾಗಲೇ ಬಡಗಿಗಳು ಜೋಡಿ ತಪ್ಪದಂತೆ ಹಾಕಿಕೊಂಡ ಗುರುತುಗಳು ಅವು.

ಮತ್ತೆ ನಿಲ್ಲಿಸುವಾಗ ಬೇರೆ ತೊಂದರೆ. ಮುಧೋಳದಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರ್ ಮುಟ್ಟುವುದು ಕಷ್ಟ. ಉಡುಪಿಯಲ್ಲಿ ಅದು 4,000 ಮಿಲಿಮೀಟರಿನ ಹತ್ತಿರ. ಬಯಲುಸೀಮೆಯ ಬಿಸಿಲಿನಲ್ಲಿ ಒಣಗಿ ಗಟ್ಟಿಯಾದ ಮರ ಕರಾವಳಿಯ ತೇವ ಹೀರಿ ಉಬ್ಬುತ್ತದೆ. ಮರ ಉಬ್ಬುವುದು ಅಡ್ಡಕ್ಕೆ, ಉದ್ದಕ್ಕಲ್ಲ. ಹಾಗಾಗಿ ಇಲ್ಲಿ ಸಡಿಲವಾಗಿದ್ದ ಜೋಡಣೆ ಅಲ್ಲಿ ಬಿಗಿಯಾದೀತು, ಬೇಸಿಗೆಯಲ್ಲಿ ಮತ್ತೆ ಸಡಿಲವಾದೀತು. ಗೆದ್ದಲು, ಬೂಷ್ಟು ಇದ್ದೇ ಇವೆ. ಕಂಬದ ಬುಡ ನೆಲ ಮುಟ್ಟದೆ ಕಲ್ಲಿನ ಮೇಲೆಯೇ ಕೂತಿರಬೇಕು, ಸೋರದ ಸೂರು ಇರಬೇಕು, ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಅದೇ ಜಾತಿಯ ಮರದ ತುಂಡನ್ನು ಬೆಸೆಯಬೇಕು. ಮ್ಯೂಸಿಯಂ ಬಾಗಿಲು ತೆರೆದ ಮೇಲೂ ಪ್ರತಿ ಮಳೆಗಾಲಕ್ಕೆ ಈ ಆರೈಕೆ ಇದ್ದದ್ದೇ.

ಇಂಥದ್ದೇ ಕೆಲಸವನ್ನು ಅಮೆರಿಕದಲ್ಲಿ ಒಂದು ಆಟದ ಬಂಡಿಗಾಗಿ ಮಾಡಿದ್ದಾರೆ ಎಂದರೆ ನಂಬಲು ಕಷ್ಟ. ರೋಲರ್ ಕೋಸ್ಟರ್ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರಿನ ವಂಡರ್‌ಲಾದ ಉಕ್ಕಿನ ಹಳಿ. ಆದರೆ ಮೊದಲಿನವು ಮರದವು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಶುರುಮಾಡಿದ ಈ ಆಟ ಎಲ್ಲೆಡೆ ಹಬ್ಬಿತು. ಸಾವಿರಾರು ಮರದ ತುಂಡುಗಳನ್ನು ಹೆಣೆದ ಅಟ್ಟಣಿಗೆ, ಅದರ ಮೇಲೆ ಪದರ ಪದರವಾಗಿ ಜೋಡಿಸಿದ ಹಲಗೆ, ಮೇಲೊಂದು ಉಕ್ಕಿನ ಪಟ್ಟಿ. ಬಂಡಿ ಇಳಿಜಾರಿನಲ್ಲಿ ಧುಮುಕುವಾಗ ಇಡೀ ಅಟ್ಟಣಿಗೆ ತುಸು ತೂಗುತ್ತದೆ, ತೂಗಲೆಂದೇ ಹಾಗೆ ಕಟ್ಟಿರುತ್ತಾರೆ. ಬಡಗಿಗಳು ಪ್ರತಿದಿನ ಹಳಿಯ ಉದ್ದಕ್ಕೂ ನಡೆದು ಸಡಿಲವಾದದ್ದನ್ನು ಬಿಗಿದ ಮೇಲೆಯೇ ಆಟ ಶುರು.

ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಪ್ಲೇಲ್ಯಾಂಡ್ ಪಾರ್ಕಿನಲ್ಲಿ 1940ರ ದಶಕದ ಕೊನೆಗೆ ‘ರಾಕೆಟ್’ ಎಂಬ ಮರದ ರೋಲರ್ ಕೋಸ್ಟರ್ ಎದ್ದಿತು. 78 ಅಡಿ ಎತ್ತರ, 3,200 ಅಡಿ ಉದ್ದ. 1980ರಲ್ಲಿ ಪಾರ್ಕ್ ಮುಚ್ಚಿತು. ಓಡದ ಬಂಡಿ, ಬಿಸಿಲಿಗೆ ಬಣ್ಣ ಬಿಟ್ಟ ಮರ, ಇನ್ನು ಉಳಿದದ್ದು ಕೆಡವುವುದಷ್ಟೇ ಎನ್ನುವ ಸ್ಥಿತಿ. ಆಗ ಪೆನ್ಸಿಲ್ವೇನಿಯಾದ ಕ್ನೋಬೆಲ್ಸ್ ಎಂಬ ಮನೆತನದ ಪಾರ್ಕಿನವರು ಅದನ್ನು ಕೊಂಡರು. ತುಂಡು ತುಂಡಿಗೂ ಗುರುತು ಹಾಕಿ ಬಿಚ್ಚಿ, ಲಾರಿಗಳಲ್ಲಿ ದೇಶದ ಅರ್ಧ ಭಾಗ ದಾಟಿಸಿ, ಕಾಡಿನ ನಡುವೆ ಮತ್ತೆ ನಿಲ್ಲಿಸಿದರು. 1985ರ ಜೂನ್ 15ರಂದು ಅದು ಓಡಿತು. ಬೂದಿಯಿಂದ ಎದ್ದ ಹಕ್ಕಿಯ ಹೆಸರನ್ನೇ ಅದಕ್ಕಿಟ್ಟರು, ‘ಫೀನಿಕ್ಸ್’. ನಲವತ್ತು ವರ್ಷಗಳಾದವು, ಇಂದಿಗೂ ಜಗತ್ತಿನ ಅತ್ಯುತ್ತಮ ಮರದ ಕೋಸ್ಟರುಗಳ ಸಾಲಿನಲ್ಲಿ ಅದರ ಹೆಸರಿದೆ. ಅದೇ ರಾಜ್ಯದ ಆಲ್ಟೂನಾದಲ್ಲಿರುವ 1902ರ ‘ಲೀಪ್ ದ ಡಿಪ್ಸ್’ 1985ರಲ್ಲಿ ನಿಂತುಹೋಗಿ, ಅಭಿಮಾನಿಗಳು ಹಣ ಕೂಡಿಸಿದ್ದರಿಂದ 1999ರಲ್ಲಿ ಮತ್ತೆ ಓಡಿತು. ಇಂಗ್ಲೆಂಡಿನ ಮಾರ್ಗೇಟಿನಲ್ಲಿ 1920ರ ‘ಸೀನಿಕ್ ರೈಲ್ವೆ’ಗೆ 2008ರಲ್ಲಿ ಬೆಂಕಿ ಬಿತ್ತು. ಸುಟ್ಟ ಭಾಗಕ್ಕೆ ಹೊಸ ಮರ ಕೂಡಿಸಿ 2015ರಲ್ಲಿ ಓಡಿಸಿದರು.

ಹೊಸ ಮರ ಕೂಡಿಸಿದ ಮೇಲೆ ಅದು ಹಳೆಯದು ಹೇಗಾಯಿತು ಎಂದು ಕೇಳುವವರಿದ್ದಾರೆ. ನಮ್ಮ ಊರ ತೇರನ್ನು ನೋಡಿ. ಗಾಲಿ ಸವೆದರೆ ಗಾಲಿ ಬದಲಾಗುತ್ತದೆ, ಅಚ್ಚು ಮುರಿದರೆ ಅಚ್ಚು ಬದಲಾಗುತ್ತದೆ. ಜಾತ್ರೆಯ ದಿನ ಎಳೆಯುವಾಗ ಅದು ಅಜ್ಜನ ಕಾಲದ ತೇರೇ. ಅಳತೆ ಅದೇ, ಜೋಡಣೆ ಅದೇ, ಮಾಡುವ ಕೈ ಅದೇ ಪರಂಪರೆಯದು. ಮರದ ಕಟ್ಟಡದಲ್ಲಿ ಉಳಿಸಬೇಕಾದದ್ದು ಈ ಮೂರನ್ನು.

ದರ್ಬಾರು ಮುಧೋಳದಲ್ಲೇ ಉಳಿಯಬೇಕಿತ್ತೇ? ಉಳಿಯಬೇಕಿತ್ತು. ಮಣಿಪಾಲದ ಆವರಣದಲ್ಲಿ ಅದಕ್ಕೆ ಘಟಪ್ರಭೆಯ ಗಾಳಿ ಇಲ್ಲ, ಸುತ್ತ ಮುಧೋಳದ ಓಣಿಗಳಿಲ್ಲ, ಅದರ ಕಂಬಗಳ ನಡುವೆ ಓಡಾಡಿದವರ ಮೊಮ್ಮಕ್ಕಳು ದಿನವೂ ನೋಡುವಂತಿಲ್ಲ. 1948ರಲ್ಲಿ ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದ ಮೇಲೆ ಇಂಥ ಕಟ್ಟಡಗಳಿಗೆ ದಿಕ್ಕಿಲ್ಲದಾಯಿತು. ಊರಿನಲ್ಲಿ ಕಾಯುವವರು ಇಲ್ಲದಾಗ ದೂರದವರೊಬ್ಬರು ಕಾದರು. ಆ ಬಗ್ಗೆ ನನಗಿರುವುದು ಕೃತಜ್ಞತೆ ಮಾತ್ರ, ದೂರಲ್ಲ.

ಬಿಚ್ಚಿ ಒಯ್ಯುವುದು ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆ ನಮಗೆ ನೀರಿನ ಜೊತೆಗೆ ‘ಮುಳುಗಡೆ’ ಎಂಬ ಶಬ್ದವನ್ನೂ ಕೊಟ್ಟಿತು. ಬಾಗಲಕೋಟೆಯ ಅರ್ಧ ಊರು, ಬೀಳಗಿ ತಾಲ್ಲೂಕಿನ ಹಳ್ಳಿ ಹಳ್ಳಿಗಳು ಹಿನ್ನೀರಿನ ಪಾಲಾದವು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನಕ್ಷೆ ಹಾಕಿದ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಜನ ಹೊರಟಾಗ ಟ್ರ್ಯಾಕ್ಟರಿನಲ್ಲಿ ಹೇರಿದ್ದು ಹಾಸಿಗೆ, ಪಾತ್ರೆಗಳನ್ನಷ್ಟೇ ಅಲ್ಲ. ತಲೆಬಾಗಿಲು, ಹೊಸ್ತಿಲು, ತೊಲೆ, ಕಂಬಗಳನ್ನೂ ಒಯ್ದರು. ಪುನರ್ವಸತಿ ಕೇಂದ್ರಗಳಲ್ಲಿ ಸಿಮೆಂಟ್ ಗೋಡೆಗೆ ಕೂರಿಸಿದ ಕೆತ್ತನೆಯ ತಲೆಬಾಗಿಲು ಕಂಡರೆ ಅದು ಮುಳುಗಿದ ಊರಿನದೆಂದು ತಿಳಿಯಿರಿ. ಆದರೆ ಗುರುತು ಹಾಕಿ ಬಿಚ್ಚಲು ಅವರಿಗೆ ಪುರಸೊತ್ತು ಕೊಟ್ಟವರಿರಲಿಲ್ಲ, ಹೇಳಿಕೊಟ್ಟವರೂ ಇರಲಿಲ್ಲ. ಇಡೀ ಮನೆ ಮತ್ತೆ ನಿಲ್ಲಲಿಲ್ಲ. ಬಾಗಿಲು ಬಾಗಿಲಾಗಿ ಉಳಿಯಿತು, ತೊಲೆ ಕಟ್ಟಿಗೆ ಅಡ್ಡೆ ಸೇರಿತು.

ಈಗ ಆಲಮಟ್ಟಿ ಅಣೆಕಟ್ಟೆಯ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕಿದೆ. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಮತ್ತಷ್ಟು ಊರುಗಳು ಏಳಬೇಕಾಗುತ್ತದೆ. ಪರಿಹಾರದ ಮೊತ್ತದ ಮಾತು ಎಲ್ಲೆಡೆ ನಡೆದಿದೆ, ನಡೆಯಲೇಬೇಕು. ಅದರ ಜೊತೆಗೆ ಒಂದು ಕೆಲಸ ಈಗಲೇ ಆಗಲಿ. ಮುಳುಗುವ ಪ್ರತಿ ಊರಿನಲ್ಲಿ ಮರದ ಚೌಕಟ್ಟಿನ ಹಳೆಯ ಮನೆಗಳ ಪಟ್ಟಿಯಾಗಲಿ. ಒಂದೊಂದು ಊರಿನಿಂದ ಒಂದಾದರೂ ಮನೆಯನ್ನು ಕ್ರಮಬದ್ಧವಾಗಿ ಬಿಚ್ಚಿ ಜಿಲ್ಲೆಯೊಳಗೇ ಮತ್ತೆ ನಿಲ್ಲಿಸಲಿ. ಅದಕ್ಕೊಂದು ಜಾಗ ತಿಮ್ಮಾಪುರದ ಸುತ್ತಲೇ ಸಿಕ್ಕರೆ ನಾಯಿಯನ್ನು ನೋಡಲು ಬಂದವರು ಮನೆಯನ್ನೂ ನೋಡಿ ಹೋಗುತ್ತಾರೆ. ಹಳೆಯ ಜೋಡಣೆ ಬಲ್ಲ ಬಡಿಗೇರರು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ವಯಸ್ಸು ನಮಗಾಗಿ ಕಾಯುವುದಿಲ್ಲ.

ಮುಳುಗಡೆಯ ಹೆದರಿಕೆ ಇಲ್ಲದವರಿಗೂ ಒಂದು ಮಾತು. ಅಜ್ಜ ಕಟ್ಟಿಸಿದ ಮಾಳಿಗೆ ಮನೆ ಬಿಚ್ಚಿ ಆರ್‌ಸಿಸಿ ಮನೆ ಕಟ್ಟಿಸಬೇಕೆಂದಿದ್ದೀರಿ. ಕಟ್ಟಿಸಿ, ನಿಮ್ಮ ಹಕ್ಕು. ಅದಕ್ಕೆ ಮೊದಲು ಎರಡು ದಿನ ಕೊಡಿ. ಪಡಸಾಲೆಯ ನಾಲ್ಕೂ ಮೂಲೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಟೇಪು ಹಿಡಿದು ಅಂಕಣದ ಅಳತೆ ಬರೆದುಕೊಳ್ಳಿ, ಊರಿನ ಹಿರಿಯ ಬಡಿಗೇರರನ್ನು ಕರೆಸಿ ಕಂಬ, ಬೋದಿಗೆ, ತೊಲೆಗಳಿಗೆ ಬಣ್ಣದಲ್ಲಿ ಅಂಕಿ ಹಾಕಿಸಿ. ಜೆಸಿಬಿಯವರಿಗೆ ಫೋನ್ ಮಾಡುವುದು ಆಮೇಲೆ.