ಶನಿವಾರದ ಸಿಂಹಾವಲೋಕನ

ಸಿಂಹವು ಅರಣ್ಯದಲ್ಲಿ ನಡೆಯುವಾಗ ಆಗಾಗ್ಗೆ ನಿಂತು, ನಡೆದು ಬಂದ ದಾರಿಯನ್ನು ತಿರುಗಿ ನೋಡುವುದೆಂದು ನಮ್ಮ ಪೂರ್ವಿಕರು ಹೇಳಿ, ಆ ನೋಟಕ್ಕೆ ಸಿಂಹಾವಲೋಕನವೆಂದು ಹೆಸರಿಟ್ಟರು. ತಿರುಗಿ ನೋಡಿದ ಮಾತ್ರಕ್ಕೆ ಸಿಂಹವು ಹಿಂದಕ್ಕೆ ಹೋಗುವುದಿಲ್ಲ. ಮುಂದಿನ ಹೆಜ್ಜೆಯು ಭದ್ರವಾಗಲೆಂದೇ ಅದು ನೋಡುತ್ತದೆ. ಗೃಹಿಣಿಯು ಸಂತೆಯ ಲೆಕ್ಕವನ್ನು ವಾರಕ್ಕೊಮ್ಮೆ ಕೂಡಿಸಿ ನೋಡುವುದೂ ಇದೇ ಬಗೆಯದು. ಹಲವರು ಶಿಕ್ಷಕರು ಒಂದುಗೂಡಿ ಮಕ್ಕಳಿಗಾಗಿ ಪಾಠಗಳನ್ನು ರಚಿಸುವ ಕಾರ್ಯದಲ್ಲಿಯೂ ಇಂತಹ ವಾರದ ಹಿನ್ನೋಟವು ಅತ್ಯವಶ್ಯವೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪಾಠವನ್ನು ಪಂಡಿತನೊಬ್ಬನು ಬರೆಯಬೇಕು, ಶಿಕ್ಷಕನು ಹೇಳಿಕೊಡಬೇಕು, ಹುಡುಗನು ಬಾಯಿಪಾಠ ಮಾಡಬೇಕು ಎಂಬುದು ಬಹುಕಾಲದ ರೂಢಿ. ನಮ್ಮ ಬೆಳಗಾವಿಯ ಕೋಟೆಯಿಂದ ಬಹುದೂರದಲ್ಲಿರುವ ಇನ್ನೊಂದು ಕೋಟೆಯಲ್ಲಿ, ಎಂದರೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, 1995ರಲ್ಲಿ ಈ ರೂಢಿಯು ಸಡಿಲಿತು. ಯುನಿಸೆಫ್ ಸಂಸ್ಥೆಯ ನೆರವಿನಿಂದ ಅಲ್ಲಿಯ ಪ್ರಾಥಮಿಕ ಶಾಲೆಗಳ ಶಿಕ್ಷಕರು ಆಂಧ್ರದ ಋಷಿಕಣಿವೆಯ ಗ್ರಾಮಶಾಲೆಗಳನ್ನು ಕಂಡು ಬಂದು, ತಾವೇ ಕೂಡಿ ಕುಳಿತು ಪಾಠಗಳನ್ನು ಸಣ್ಣಸಣ್ಣ ಕಾರ್ಡುಗಳನ್ನಾಗಿ ವಿಂಗಡಿಸಿದರು. ಇದೇ ‘ನಲಿ-ಕಲಿ’ಯ ಮೂಲ. ಮಗುವು ಕಲಿಕೆಯ ಏಣಿಯನ್ನು ತನ್ನ ವೇಗದಿಂದ ಏರತಕ್ಕದ್ದು. ಒಂದು ಮೆಟ್ಟಲು ಗಟ್ಟಿಯಾದ ಹೊರತು ಮುಂದಿನದಕ್ಕೆ ಹೋಗತಕ್ಕದ್ದಲ್ಲ. ಯಾರು ಎಲ್ಲಿರುವರೆಂಬುದು ‘ಪ್ರಗತಿ ನೋಟ’ವೆಂಬ ಪಟ್ಟಿಯಲ್ಲಿ ಕಾಣತಕ್ಕದ್ದು. 2009–10ರಲ್ಲಿ ಈ ಪದ್ಧತಿಯನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆಲ್ಲ ವಿಸ್ತರಿಸಲಾಯಿತು.

ಸಂಸ್ಕೃತವನ್ನೋದಿದ ನನ್ನಂತಹರಿಗೆ ಅದರಲ್ಲಿ ಆಶ್ಚರ್ಯವೆನಿಸಿದ್ದು ಅಕ್ಷರಗಳ ಕ್ರಮ. ಕಂಠ, ತಾಲು, ಮೂರ್ಧಾ ಎಂದು ಉಚ್ಚಾರಣಸ್ಥಾನವನ್ನನುಸರಿಸಿದ ನಮ್ಮ ವರ್ಣಮಾಲೆಯು ಶಾಸ್ತ್ರಶುದ್ಧವಾದುದು. ಆದರೆ ನಲಿ-ಕಲಿಯ ಮಗುವು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಐದಕ್ಷರಗಳನ್ನು. ಇಷ್ಟರಿಂದಲೇ ಸರ, ರಸ, ಅರಸ, ಅಗಸ, ಗರಗಸ ಎಂಬ ಮಾತುಗಳು ಹುಟ್ಟುತ್ತವೆ. ಐವತ್ತಕ್ಷರ ಮುಗಿಯುವವರೆಗೆ ಕಾಯದೆ ಮಗುವು ಓದತೊಡಗುತ್ತದೆ. ಶಾಸ್ತ್ರದ ಕ್ರಮ ಬೇರೆ, ಶಿಶುವಿನ ಕ್ರಮ ಬೇರೆ. ಎರಡನೆಯದನ್ನು ಮಕ್ಕಳನ್ನು ನೋಡಿಯೇ ತಿಳಿಯಬೇಕಲ್ಲದೆ ಗ್ರಂಥವನ್ನು ನೋಡಿ ತಿಳಿಯಲಾಗದು.

ವಾರದ ಹಿನ್ನೋಟದ ಪ್ರಯೋಜನವು ಇಲ್ಲಿಯೇ. ನಮ್ಮ ಖಾನಾಪುರ ತಾಲೂಕನ್ನು ನೋಡಿರಿ. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸೀಮೆ. ಮಳೆ ಬಹಳ, ಊರುಗಳು ಚಿಕ್ಕವು, ಮನೆಯ ಮಾತು ಅನೇಕರಿಗೆ ಮರಾಠಿ. ಅಂತಹ ಊರಿನ ಕನ್ನಡ ಶಾಲೆಯಲ್ಲಿ ಒಂದು ಮಗುವಿನ ಮುಂದೆ ಗರಗಸದ ಚಿತ್ರವಿರುವ ಕಾರ್ಡನ್ನು ಇಟ್ಟರೆಂದು ಊಹಿಸೋಣ. ಮಗುವು ಅದನ್ನು ನೋಡಿ ‘ಕರವತ’ ಎನ್ನುತ್ತದೆ. ಶಿಕ್ಷಕಿಯು ‘ಗ’ಕಾರವು ಬರಲಿಲ್ಲವೆಂದು ಪಟ್ಟಿಯಲ್ಲಿ ಅದೇ ಮೆಟ್ಟಲಿನಲ್ಲಿ ನಿಲ್ಲಿಸುತ್ತಾಳೆ. ಮರುವಾರವೂ ಹಾಗೆಯೇ. ಮೂರನೆಯ ವಾರಕ್ಕೆ ‘ಮಂದಬುದ್ಧಿ’ ಎಂಬ ಮಾತು ಹುಟ್ಟುತ್ತದೆ. ಆ ಮಾತು ಮನೆಯನ್ನು ಮುಟ್ಟಿತೆಂದರೆ ಮಗುವಿನ ಓದು ಅಲ್ಲಿಗೇ ಮುಗಿದರೂ ಮುಗಿಯಬಹುದು.

ಆದರೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸಮೀಪದ ಮೂರು ಊರುಗಳ ಶಿಕ್ಷಕರು ಒಂದೆಡೆ ಕುಳಿತರೆನ್ನಿ. ‘ನಮ್ಮಲ್ಲಿಯೂ ನಾಲ್ಕು ಮಕ್ಕಳು ಅದೇ ಕಾರ್ಡಿನ ಮುಂದೆ ನಿಂತಿದ್ದಾರೆ’ ಎಂದು ಇನ್ನೊಬ್ಬರು ಹೇಳಿದೊಡನೆಯೇ ದೋಷವು ಮಗುವನ್ನು ಬಿಟ್ಟು ಕಾರ್ಡಿಗೆ ಬರುತ್ತದೆ. ಕ್ರಕಚದ ತದ್ಭವ ಗರಗಸ, ಕರಪತ್ರದ ತದ್ಭವ ಕರವತ. ಎರಡೂ ಒಂದೇ ವಸ್ತುವಿನ ಹೆಸರುಗಳು. ಮಗುವು ಹೇಳಿದುದು ತಪ್ಪಲ್ಲ, ಅದರ ಮನೆಯ ಮಾತು. ಆ ಕಾರ್ಡಿನಲ್ಲಿ ಗರಗಸದ ಬದಲು ‘ಸರ’ದ ಚಿತ್ರವನ್ನಿಟ್ಟು ನೋಡೋಣವೆಂದು ನಿಶ್ಚಯಿಸಿದರೆ ಒಂದು ವಾರದ ಕೆಲಸವು ಸಾರ್ಥಕವಾಯಿತು. ಒಬ್ಬರೇ ನೋಡಿದಾಗ ಮಗುವಿನ ಕೊರತೆಯಾಗಿ ಕಂಡದ್ದು, ಹಲವರು ನೋಡಿದಾಗ ಪಾಠದ ಕೊರತೆಯಾಗಿ ಕಾಣುತ್ತದೆ.

ಜಪಾನ ದೇಶದ ಶಿಕ್ಷಕರಲ್ಲಿಯೂ ಇಂತಹದೊಂದು ಸಂಪ್ರದಾಯವುಂಟು. ಕೆಲವರು ಕೂಡಿ ಒಂದು ಪಾಠವನ್ನು ರಚಿಸುವರು. ಒಬ್ಬನು ಅದನ್ನು ಕಲಿಸುವನು. ಉಳಿದವರು ಗೋಡೆಯ ಬದಿಗೆ ನಿಂತು, ಕಲಿಸುವವನಿಗಿಂತ ಹೆಚ್ಚಾಗಿ ಮಕ್ಕಳನ್ನೇ ನೋಡುವರು. ಅನಂತರದ ಚರ್ಚೆಯು ಪಾಠವನ್ನು ಕುರಿತದ್ದು, ವ್ಯಕ್ತಿಯನ್ನು ಕುರಿತದ್ದಲ್ಲ. ಈ ವಿವೇಕವಿಲ್ಲದಿದ್ದರೆ ಹಿನ್ನೋಟವು ಪರದೂಷಣೆಯಾಗಿ, ಮುಂದಿನ ವಾರ ಯಾರೂ ಬಾಯಿಬಿಡಲಾರರು.

ಇನ್ನೊಂದು ಅಪಾಯವೂ ಇದೆ. ಪಟ್ಟಿಯನ್ನು ತುಂಬುವುದೇ ಕೆಲಸವೆಂದು ಬಗೆದರೆ ಪಟ್ಟಿಯು ತುಂಬುತ್ತದೆ, ಮಗುವು ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ವಾರದ ಟಿಪ್ಪಣಿಯು ಚಿಕ್ಕದಾಗಿರಲಿ: ಯಾವ ಮಗು ಎಲ್ಲಿ ನಿಂತಿತು? ಯಾವ ಕಾರ್ಡು ಕೆಲಸ ಮಾಡಲಿಲ್ಲ? ಮುಂದಿನ ವಾರ ಒಂದೇ ಒಂದು ಬದಲಾವಣೆ ಯಾವುದು, ಅದನ್ನು ಮಾಡುವವರು ಯಾರು? ಮುಂದಿನ ಶನಿವಾರ ಇದನ್ನೇ ಮೊದಲು ಓದಬೇಕು. ಹತ್ತನ್ನು ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಅನುಭವವನ್ನು ಬರೆದಿಡುವುದು ನಮ್ಮ ಶಿಕ್ಷಕರಿಗೆ ಹೊಸದೂ ಅಲ್ಲ. ಈಗ ‘ಜೀವನ ಶಿಕ್ಷಣ’ವೆಂದು ಪ್ರಸಿದ್ಧವಾಗಿರುವ ಮಾಸಪತ್ರಿಕೆಯು 1865ರಲ್ಲಿ ‘ಮಠಪತ್ರಿಕೆ’ಯೆಂಬ ಹೆಸರಿನಿಂದ ಜನಿಸಿದುದು ಶಿಕ್ಷಕರಿಗಾಗಿಯೇ.

ಮಕ್ಕಳ ತಾಯಿತಂದೆಗಳಿಗೂ ಇದರಲ್ಲಿ ಪಾಲುಂಟು. ಶಾಲೆಯ ಕಡೆಗೆ ಹೋದಾಗ ‘ನಮ್ಮ ಹುಡುಗ ಎಷ್ಟನೆಯವನು?’ ಎಂದು ಕೇಳುವುದಕ್ಕಿಂತ, ‘ಈ ವಾರ ಯಾವ ಮೆಟ್ಟಲಿನಲ್ಲಿದ್ದಾನೆ, ಅಲ್ಲಿ ಅವನಿಗೆ ತೊಡಕಾದದ್ದು ಯಾವುದು?’ ಎಂದು ಕೇಳಿರಿ. ಮನೆಯಲ್ಲಿ ಆ ವಸ್ತುವನ್ನು ಯಾವ ಹೆಸರಿನಿಂದ ಕರೆಯುವಿರೆಂಬುದನ್ನೂ ಹೇಳಿ ಬನ್ನಿರಿ. ಶಿಕ್ಷಕರ ಮುಂದಿನ ಶನಿವಾರಕ್ಕೆ ಅದಕ್ಕಿಂತ ಉಪಯುಕ್ತವಾದ ಸಾಮಗ್ರಿಯಿಲ್ಲ.