ಗಾಡಿ ಇಳಿಸೋ ಮುಂಚೆ ಶಾಕ್ಸ್ ಕಡೆ ನೋಡಿ

ಕಾಲೇಜಿನ ಪಾರ್ಕಿಂಗ್‌ನಲ್ಲಿ ಕಾರಿನ ಹುಚ್ಚು ಇರೋ ನಾಲ್ಕು ಜನ ಸೇರಿದ್ರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತೆ: "ಲೋಯರಿಂಗ್ ಸ್ಪ್ರಿಂಗ್ ಹಾಕ್ಸಿ ಗಾಡಿ ಒಂದಿಂಚು ಇಳಿಸು ಗುರು, ಹ್ಯಾಂಡ್ಲಿಂಗ್ ಬೇರೆ ಲೆವೆಲ್!" ಟೈರಿಗೂ ಫೆಂಡರಿಗೂ ನಡುವಿನ ಗ್ಯಾಪ್ ಮುಚ್ಚಿದ ಕಾರು ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಾರು ಘಾಟಿಯ ತಿರುವಿನಲ್ಲೂ ಚೆನ್ನಾಗಿ ನಿಲ್ಲುತ್ತಾ? ನಾವು ಓದ್ತಿರೋದು ಎಂಜಿನಿಯರಿಂಗ್ ಅಲ್ವಾ, ಬಾಯಿಮಾತು ಬಿಟ್ಟು ಲೆಕ್ಕ ಹಾಕಿ ನೋಡೋಣ. ಎರಡನೇ ಸೆಮಿಸ್ಟರ್‌ವರೆಗಿನ ಮೆಕ್ಯಾನಿಕ್ಸ್ ಸಾಕು.

ಲೆಕ್ಕಕ್ಕೆ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ತಗೊಳ್ಳೋಣ. ತೂಕ 1000 ಕೆ.ಜಿ., ಗುರುತ್ವ ಕೇಂದ್ರದ ಎತ್ತರ 550 ಮಿ.ಮೀ., ಎಡ ಬಲ ಚಕ್ರಗಳ ನಡುವೆ 1450 ಮಿ.ಮೀ. ಮುಂದಿನ ಒಂದೊಂದು ಸ್ಪ್ರಿಂಗ್ ಹೊರೋದು 275 ಕೆ.ಜಿ., ಚಕ್ರದ ಹತ್ತಿರ ಅಳೆದರೆ ಅದರ ಬಿಗಿ ಪ್ರತಿ ಮಿ.ಮೀ.ಗೆ 17 ನ್ಯೂಟನ್. ಇವು ಉದಾಹರಣೆಗೆ ಇಟ್ಟುಕೊಂಡ ಸಂಖ್ಯೆಗಳು, ಯಾವುದೋ ಒಂದು ಕಂಪನಿಯ ಕಾರಿನ ಅಳತೆ ಅಲ್ಲ.

ಇಳಿಸಿದರೆ ಸಿಗೋದೆಷ್ಟು?

ತಿರುವಿನಲ್ಲಿ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳ ಮೇಲೆ ಬೀಳುತ್ತೆ. ಟೈರಿನ ಸ್ವಭಾವ ಹೇಗಂದ್ರೆ, ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತೆ. ಅದಕ್ಕೇ ಭಾರ ಎಷ್ಟು ಕಡಿಮೆ ವಾಲುತ್ತೋ ಅಷ್ಟು ಒಳ್ಳೇದು. ವಾಲುವ ಭಾರದ ಲೆಕ್ಕ ಸುಲಭ: ತೂಕವನ್ನು ಪಕ್ಕದ ವೇಗೋತ್ಕರ್ಷದಿಂದಲೂ ಗುರುತ್ವ ಕೇಂದ್ರದ ಎತ್ತರದಿಂದಲೂ ಗುಣಿಸಿ, ಚಕ್ರಗಳ ನಡುವಿನ ಅಂತರದಿಂದ ಭಾಗಿಸಿ.

ಅರ್ಧ ಜಿ ತಿರುವಿನಲ್ಲಿ ನಮ್ಮ ಕಾರಿಗೆ ಇದು ಸುಮಾರು 1860 ನ್ಯೂಟನ್, ಅಂದರೆ 190 ಕೆ.ಜಿ. ಭಾರ. ಗಾಡಿಯನ್ನು 30 ಮಿ.ಮೀ. ಇಳಿಸಿ, ಎತ್ತರ 520 ಅಂತ ಹಾಕಿ. ಉತ್ತರ ಸುಮಾರು 1760 ನ್ಯೂಟನ್. ಉಳಿತಾಯ ಬರೀ ಐದೂವರೆ ಪರ್ಸೆಂಟ್. "ಬೇರೆ ಲೆವೆಲ್" ಅನ್ನೋದು ಇಷ್ಟೇ!

ಹಾಗಾದ್ರೆ ಇಳಿಸಿದ ಗಾಡಿ ವಾಲೋದು ಕಡಿಮೆ ಅನ್ನಿಸೋದು ಯಾಕೆ? ಬಹುಪಾಲು ಸ್ಪ್ರಿಂಗ್ ಬಿಗಿಯಾಗಿರೋದ್ರಿಂದ. ಇಳಿದಿದ್ದಕ್ಕಿಂತ ಬಿಗಿಯಾಗಿದ್ದೇ ಇಲ್ಲಿ ಕೆಲಸ ಮಾಡಿರೋದು.

ಇನ್ನೊಂದು ಒಳಗುಟ್ಟಿದೆ. ನಮ್ಮ ರಸ್ತೆಯ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳ ಮುಂಭಾಗದಲ್ಲಿರೋದು ಮ್ಯಾಕ್‌ಫರ್ಸನ್ ಸ್ಟ್ರಟ್. 1940ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವಿನ್ಯಾಸ ಅಗ್ಗ, ಹಗುರ, ಜಾಗವೂ ಕಡಿಮೆ ಸಾಕು. ಆದರೆ ಗಾಡಿ ಇಳಿಸಿದಾಗ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ಓರೆಯಾಗುತ್ತೆ. ಆಗ ರೋಲ್ ಸೆಂಟರ್, ಅಂದರೆ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು, ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತೆ. ಇವೆರಡರ ನಡುವಿನ ಅಂತರವೇ ಗಾಡಿಯನ್ನು ವಾಲಿಸೋ ಸನ್ನೆಕೋಲು. ಅತಿಯಾಗಿ ಇಳಿಸಿದರೆ ಸನ್ನೆಕೋಲು ಉದ್ದ ಆಗುತ್ತೆ. ಸ್ಪ್ರಿಂಗ್ ಬಿಗಿ ಮಾಡಿ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತೆ.

ಕಳೆದುಕೊಳ್ಳೋದೆಷ್ಟು?

ಇದು ಯಾರೂ ಕೇಳದ ಪ್ರಶ್ನೆ. ಸಸ್ಪೆನ್ಷನ್ ಮೇಲಕ್ಕೆ ಕುಗ್ಗೋಕೆ ಒಂದಿಷ್ಟು ಜಾಗ ಇರುತ್ತೆ, ಅದು ಮುಗಿದರೆ ಬಂಪ್ ಸ್ಟಾಪ್ ಅನ್ನೋ ರಬ್ಬರ್ ಅಥವಾ ಫೋಮ್ ದಿಂಬು. ನಮ್ಮ ಕಾರಿಗೆ ಈ ಜಾಗ 80 ಮಿ.ಮೀ. ಇದೆ ಅಂದುಕೊಳ್ಳಿ. 30 ಇಳಿಸಿದರೆ ಉಳಿಯೋದು 50.

ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ನುಂಗಬಲ್ಲ ಶಕ್ತಿ ಬಿಗಿಯ ಅರ್ಧ ಗುಣಿಸು ಚಲನೆಯ ವರ್ಗ. ಹಳೇ ಸ್ಪ್ರಿಂಗಿಗೆ ಇದು ಸುಮಾರು 54 ಜೌಲ್. 30 ಪರ್ಸೆಂಟ್ ಬಿಗಿಯಾದ ಹೊಸ ಸ್ಪ್ರಿಂಗ್, ಅಂದರೆ ಪ್ರತಿ ಮಿ.ಮೀ.ಗೆ 22 ನ್ಯೂಟನ್, 50 ಮಿ.ಮೀ. ಚಲನೆಗೆ ನುಂಗೋದು 28 ಜೌಲ್ ಕೂಡ ಇಲ್ಲ. ಹೆಚ್ಚುಕಮ್ಮಿ ಅರ್ಧ! ಮೊದಲಿನಷ್ಟೇ ನುಂಗಬೇಕಾದರೆ ಸ್ಪ್ರಿಂಗ್ ಎರಡೂವರೆ ಪಟ್ಟು ಬಿಗಿ ಇರಬೇಕು. ಅಂಥ ಗಾಡಿಯಲ್ಲಿ ದಿನಾ ಓಡಾಡಿದರೆ ಸೊಂಟದ ಗತಿ ಏನು ಅಂತ ನೀವೇ ಊಹಿಸಿ.

ಹಾಗಾಗಿ ಉಳಿದ ಶಕ್ತಿ ಹೋಗೋದು ಬಂಪ್ ಸ್ಟಾಪಿಗೆ. ನೇರ ರಸ್ತೆಯಲ್ಲಿ ಇದು "ಧಡ್" ಅನ್ನೋ ಶಬ್ದ ಅಷ್ಟೆ. ತಿರುವಿನಲ್ಲಿ ಕಥೆ ಬೇರೆ. ಅಲ್ಲಿ ಹೊರಗಿನ ಚಕ್ರ ಮೊದಲೇ ಅರ್ಧ ಕುಗ್ಗಿರುತ್ತೆ. ಅದೇ ಹೊತ್ತಿಗೆ ಒಂದು ಗುಂಡಿ ಬಂದರೆ ಸಸ್ಪೆನ್ಷನ್ ದಿಂಬಿಗೆ ಹೊಡೆದು, ಆ ಮೂಲೆಯ ಬಿಗಿ ಕ್ಷಣದಲ್ಲಿ ಹಲವು ಪಟ್ಟು ಏರುತ್ತೆ. ಆ ಆಕ್ಸಲ್ಲಿನ ಭಾರವೆಲ್ಲ ಒಂದೇ ಟೈರಿನ ಮೇಲೆ ಸುರಿಯುತ್ತೆ. ಮುಂದೆ ಹೀಗಾದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತೆ, ಹಿಂದೆ ಆದರೆ ಬಾಲ ಬೀಸುತ್ತೆ. ಮಳೆಗಾಲದ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ ಇರುವಾಗ ಇದು ತಮಾಷೆ ವಿಷಯ ಅಲ್ಲ.

ಫಾರ್ಮುಲಾ ಸ್ಟೂಡೆಂಟ್ ಟೀಮಿನಲ್ಲಿರೋರಿಗೆ ಗೊತ್ತಿರುತ್ತೆ: ಚಾಲಕ ಕೂತಿರುವಾಗ ಚಕ್ರಕ್ಕೆ ಒಟ್ಟು ಕನಿಷ್ಠ 50 ಮಿ.ಮೀ. ಚಲನೆ ಇರಲೇಬೇಕು ಅಂತ ಅಲ್ಲಿ ನಿಯಮ ಇದೆ, ಅದರಲ್ಲಿ 25 ಮೇಲಕ್ಕೆ. ಸಪಾಟು ಟ್ರ್ಯಾಕಿನಲ್ಲಿ ಓಡೋ ಪುಟ್ಟ ಗಾಡಿಗೇ ಅಷ್ಟು ಬೇಕಾದರೆ, ನಮ್ಮ ರಿಂಗ್ ರೋಡಿನಲ್ಲಿ ಓಡೋ ಕಾರಿಗೆ ಎಷ್ಟು ಬೇಕು?

ಇನ್ನು ಟ್ರಿಪ್ ಲೆಕ್ಕ. ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಬ್ಯಾಗುಗಳು, ಒಟ್ಟು 180 ಕೆ.ಜಿ. ಅಂತ ಇಟ್ಕೊಳ್ಳಿ. ಇದರ ಬಹುಪಾಲು ಹಿಂದಿನ ಎರಡು ಸ್ಪ್ರಿಂಗ್‌ಗಳ ಮೇಲೆ. ಪ್ರತಿ ಮಿ.ಮೀ.ಗೆ 18 ನ್ಯೂಟನ್ ಬಿಗಿ ಇದ್ದರೆ ಹಿಂಭಾಗ ಸುಮಾರು 49 ಮಿ.ಮೀ. ಕೂರುತ್ತೆ. ಹಿಂದೆ 100 ಮಿ.ಮೀ. ಜಾಗ ಇದ್ದ ಗಾಡಿಯಲ್ಲಿ ಇನ್ನೂ 51 ಉಳಿಯುತ್ತೆ. 30 ಇಳಿಸಿ, ಬಿಗಿಯನ್ನೂ 30 ಪರ್ಸೆಂಟ್ ಏರಿಸಿದ ಗಾಡಿಯಲ್ಲಿ ಉಳಿಯೋದು ಸುಮಾರು 32. ಒಬ್ಬರೇ ಟೆಸ್ಟ್ ಡ್ರೈವ್ ಮಾಡಿ "ಸೂಪರ್" ಅಂದ ಗಾಡಿ, ನಾಲ್ಕು ಜನ ಚಿಕ್ಕಮಗಳೂರಿಗೆ ಹೊರಟಾಗ ಬೇರೆಯದೇ ಗಾಡಿ ಆಗಿರುತ್ತೆ.

ಹಂಪ್‌ಗಳ ಲೆಕ್ಕ

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬು 17 ಮೀಟರ್ ತ್ರಿಜ್ಯದ ಕಮಾನಿನಂತೆ, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. 2.45 ಮೀಟರ್ ವೀಲ್‌ಬೇಸ್ ಇರೋ ಕಾರು ಇದರ ಮಧ್ಯೆ ನಿಂತರೆ, ಉಬ್ಬಿನ ನೆತ್ತಿ ಚಕ್ರಗಳ ಮಟ್ಟಕ್ಕಿಂತ ಮೇಲಿರೋದು ಬರೀ 44 ಮಿ.ಮೀ. ಇಳಿಸಿದ ಗಾಡಿಯೂ ಆರಾಮಾಗಿ ದಾಟುತ್ತೆ. ಸಮಸ್ಯೆ ಇರೋದು ಯಾರೋ ರಾತ್ರೋರಾತ್ರಿ ಹಾಕಿದ ಕಿರಿದಾದ ಹಂಪಿನಲ್ಲಿ. ಅದು ಎರಡು ಆಕ್ಸಲ್‌ಗಳ ನಡುವೆ ಪೂರ್ತಿ ಹಿಡಿಸೋದ್ರಿಂದ ಎತ್ತರ 150 ಮಿ.ಮೀ. ಇದ್ದರೆ ಅಷ್ಟಕ್ಕಷ್ಟೂ ಲೆಕ್ಕಕ್ಕೆ ಬರುತ್ತೆ. 165 ಮಿ.ಮೀ. ಕ್ಲಿಯರೆನ್ಸ್ ಇದ್ದ ಗಾಡಿಯನ್ನು 135ಕ್ಕೆ ತಂದರೆ ತಳ ಉಜ್ಜೋದು ಖಂಡಿತ. ನೀವು ದಿನಾ ಓಡಾಡೋ ದಾರಿಯ ಅತಿ ಕೆಟ್ಟ ಹಂಪನ್ನು ಒಮ್ಮೆ ಅಳೆದು ನೋಡಿ, ಎಷ್ಟು ಇಳಿಸಬಹುದು ಅನ್ನೋದನ್ನ ಅದೇ ಹೇಳುತ್ತೆ.

ಶಾಕ್ಸ್ ಮಾಡೋ ಕೆಲಸ

ಸ್ಪ್ರಿಂಗ್ ಶಕ್ತಿಯನ್ನು ಹಿಡಿದಿಟ್ಟುಕೊಂಡು ವಾಪಸ್ ಕೊಡುತ್ತೆ. ಅದನ್ನು ಶಾಖ ಮಾಡಿ ಕರಗಿಸೋದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಬಿಗಿಯಾದಷ್ಟೂ ಶಾಕ್ಸಿಗೆ ಕೆಲಸ ಜಾಸ್ತಿ.

ನಮ್ಮ ಕಾರಿನ ಮುಂಭಾಗದ ಸಹಜ ಆವರ್ತನ 1.25 ಹರ್ಟ್ಝ್, ಹೊಸ ಸ್ಪ್ರಿಂಗ್ ಜೊತೆ 1.43. ಕಂಪನ ಪೂರ್ತಿ ತಡೆಯಲು ಬೇಕಾದ ಡ್ಯಾಂಪಿಂಗಿನಲ್ಲಿ ಎಷ್ಟು ಪಾಲು ಶಾಕ್ಸ್ ಕೊಡುತ್ತೆ ಅನ್ನೋದೇ ಡ್ಯಾಂಪಿಂಗ್ ಅನುಪಾತ. ರಸ್ತೆ ಕಾರುಗಳಲ್ಲಿ ಸಾಮಾನ್ಯವಾಗಿ ಇದು 0.2ರಿಂದ 0.4. ಹಳೇ ಸ್ಪ್ರಿಂಗ್ ಜೊತೆ 0.30 ಇದ್ದ ಶಾಕ್ಸ್, ಬಿಗಿ ಸ್ಪ್ರಿಂಗ್ ಜೊತೆ 0.26ಕ್ಕೆ ಇಳಿಯುತ್ತೆ. ಹೊಸ ಶಾಕ್ಸ್ ಆಗಿದ್ದರೆ ಇದು ತಡೆದುಕೊಳ್ಳಬಹುದಾದ ನಷ್ಟ. ಆದರೆ ನಮ್ಮ ಕೈಗೆ ಬರೋದು ಮನೆಯಲ್ಲಿ ಎಂಟ್ಹತ್ತು ವರ್ಷ ಓಡಿಸಿದ ಕಾರು. ಶಾಕ್ಸ್ ಅರ್ಧ ಸವೆದಿದ್ದರೆ ಅನುಪಾತ 0.13.

ಇದರ ಅರ್ಥ ಏನು? 50 ಮಿ.ಮೀ. ಕುಣಿದ ಗಾಡಿ ಒಂದು ಪೂರ್ತಿ ಆವರ್ತದ ನಂತರ, ಅನುಪಾತ 0.30 ಇದ್ದರೆ 7 ಮಿ.ಮೀ.ಗೆ ಇಳಿದಿರುತ್ತೆ. 0.13 ಇದ್ದರೆ ಇನ್ನೂ 22 ಮಿ.ಮೀ. ಕುಣೀತಿರುತ್ತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಒಂದು ಆವರ್ತ ಮುಗಿಯೋದ್ರಲ್ಲಿ ನೀವು ಸುಮಾರು 12 ಮೀಟರ್ ಮುಂದೆ ಹೋಗಿರ್ತೀರಿ. ಅಷ್ಟೂ ದೂರ ಟೈರಿನ ಮೇಲಿನ ಭಾರ ಏರಿಳೀತಾ ಇರುತ್ತೆ, ಹಿಡಿತವೂ ಅದರ ಜೊತೆ. ಸವೆದ ಶಾಕ್ಸ್ ಮೇಲೆ ಲೋಯರಿಂಗ್ ಸ್ಪ್ರಿಂಗ್ ಹಾಕಿದರೆ ಗಾಡಿ ಮೊದಲಿಗಿಂತ ಕೆಟ್ಟದಾಗುತ್ತೆ ಅನ್ನೋದು ಇದಕ್ಕೇ.

ಹಾಗಂತ ಡ್ಯಾಂಪಿಂಗ್ ಅತಿಯಾಗಲೂಬಾರದು. ಶಾಕ್ಸ್ ಕುಗ್ಗುವಾಗ ಕೊಡೋ ತಡೆಗಿಂತ ಹಿಗ್ಗುವಾಗ ಕೊಡೋ ತಡೆ, ಅಂದರೆ ರಿಬೌಂಡ್, ಸಾಮಾನ್ಯವಾಗಿ ಹೆಚ್ಚು. ರಿಬೌಂಡ್ ವಿಪರೀತ ಆದರೆ ಸಾಲಾಗಿ ಬರೋ ರಂಬಲ್ ಪಟ್ಟಿಗಳ ಮೇಲೆ ಚಕ್ರಕ್ಕೆ ವಾಪಸ್ ಕೆಳಗಿಳಿಯೋಕೆ ಟೈಮೇ ಸಿಗಲ್ಲ. ಗಾಡಿ ಪಟ್ಟಿಯಿಂದ ಪಟ್ಟಿಗೆ ಕುಗ್ಗುತ್ತಾ ಬಂಪ್ ಸ್ಟಾಪ್ ಮೇಲೆ ಕೂತುಬಿಡುತ್ತೆ. ರಿಬೌಂಡ್ ಹೊಂದಿಸಬಹುದಾದ ಶಾಕ್ಸ್ ಇದ್ದರೆ ಕಡಿಮೆಯಿಂದ ಶುರು ಮಾಡಿ, ಗಾಡಿ ತೇಲೋದು ನಿಂತ ಕಡೆ ನಿಲ್ಲಿಸಿ.

ಉದ್ದವೂ ಮುಖ್ಯ. ಸ್ಟಾಕ್ ಉದ್ದದ ಶಾಕ್ಸ್ ಇಳಿಸಿದ ಗಾಡಿಯಲ್ಲಿ ಸದಾ ಅರ್ಧ ಕುಗ್ಗಿಯೇ ಕೆಲಸ ಮಾಡುತ್ತೆ, ಚಕ್ರ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಬಹುದು. ಅದಕ್ಕೇ ಕೆಲವು ತಯಾರಕರು ಎರಡು ಬಗೆ ಮಾಡ್ತಾರೆ. ಬಿಲ್‌ಸ್ಟೀನ್‌ನಲ್ಲಿ ಬಿ6 ಸ್ಟಾಕ್ ಎತ್ತರಕ್ಕೆ, ಬಿ8 ಲೋಯರಿಂಗ್ ಸ್ಪ್ರಿಂಗಿಗಾಗಿಯೇ ಗಿಡ್ಡ ಮಾಡಿದ್ದು.

ಕಟ್ ಮಾಡಿಸೋದು ಬೇಡ

"ಯಾಕೆ ದುಡ್ಡು ದಂಡ, ಒಂದು ಸುತ್ತು ಕಟ್ ಮಾಡಿಸು" ಅನ್ನೋ ಸಲಹೆಯೂ ಬರುತ್ತೆ. ಸ್ಪ್ರಿಂಗಿನ ಬಿಗಿ ಸುತ್ತುಗಳ ಸಂಖ್ಯೆಗೆ ವಿಲೋಮ. ಕೆಲಸ ಮಾಡೋ ಆರು ಸುತ್ತಿನಲ್ಲಿ ಒಂದು ಹೋದರೆ 20 ಪರ್ಸೆಂಟ್ ಬಿಗಿಯಾಗುತ್ತೆ ನಿಜ. ಆದರೆ ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರಲ್ಲ, ಹಂಪಿನಲ್ಲಿ ಚಕ್ರ ಜೋತಾಗ ಜಾರಬಹುದು. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಕುಗ್ಗಿಸೋದಂತೂ ಇನ್ನೂ ಅಪಾಯ. ಉಕ್ಕಿನ ಹದವೇ ಹೋಗಿ ಸ್ಪ್ರಿಂಗ್ ಕೂತುಬಿಡಬಹುದು ಅಥವಾ ಮುರಿಯಬಹುದು.

ಹಾಗಾದ್ರೆ ಯಾವ ಕ್ರಮದಲ್ಲಿ?

ಮೊದಲು ಟೈರ್. ರಸ್ತೆ ಮುಟ್ಟೋದು ಅದೊಂದೇ. ಒಳ್ಳೆ ಟೈರ್, ಸರಿಯಾದ ಗಾಳಿ, ಅಲೈನ್‌ಮೆಂಟ್.

ಎರಡನೇದು ಬುಷ್ ಮತ್ತು ಶಾಕ್ಸ್. ಎಣ್ಣೆ ಸೋರ್ತಿದೆಯಾ, ಗಾಡಿಯ ಮೂಲೆ ಒತ್ತಿ ಬಿಟ್ಟರೆ ಮತ್ತೆ ಮತ್ತೆ ಕುಣಿಯುತ್ತಾ, ಟೈರ್ ಅಲೆ ಅಲೆಯಾಗಿ ಸವೆದಿದೆಯಾ ನೋಡಿ. ಸ್ಟಾಕ್ ಸ್ಪ್ರಿಂಗ್ ಹಾಗೇ ಇಟ್ಟು ಒಳ್ಳೆ ಶಾಕ್ಸ್ ಹಾಕಿಸಿದರೆ ಹೆಚ್ಚಿನವರಿಗೆ ಬೇಕಾದ ಹ್ಯಾಂಡ್ಲಿಂಗ್ ಇಲ್ಲೇ ಸಿಗುತ್ತೆ. ಬರೀ ವಾಲೋದೇ ತೊಂದರೆ ಆಗಿದ್ದರೆ ದಪ್ಪ ಆ್ಯಂಟಿ ರೋಲ್ ಬಾರ್ ಯೋಚಿಸಿ. ಅದು ಸಸ್ಪೆನ್ಷನ್ನಿನ ಜಾಗ ತಿನ್ನಲ್ಲ.

ಮೂರನೇದು ಸ್ಪ್ರಿಂಗ್, ಅದೂ ಬೇಕೇ ಬೇಕು ಅನ್ನಿಸಿದರೆ. 20ರಿಂದ 25 ಮಿ.ಮೀ. ಒಳಗೆ ಇರಲಿ. ನಿಮ್ಮ ಮಾಡೆಲ್ಲಿಗೇ ಮಾಡಿದ, ಮುಂದೆ ಹಿಂದೆ ಜೋಡಿಯಾಗಿ ಬರೋ ಸೆಟ್ ತಗೊಳ್ಳಿ. 1930ರ ದಶಕದಲ್ಲೇ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಆಲೀ ತೋರಿಸಿಕೊಟ್ಟ ಹಾಗೆ, ಹಿಂದಿನ ಆವರ್ತನ ಮುಂದಿನದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಉಬ್ಬು ದಾಟಿದ ಮೇಲೆ ಗಾಡಿ ತೂಗಾಡೋದು ಬೇಗ ನಿಲ್ಲುತ್ತೆ. ಮುಂದೆ ಮಾತ್ರ ಬದಲಿಸಿದರೆ ಆ ಲೆಕ್ಕ ತಲೆಕೆಳಗು. ಸ್ಪ್ರಿಂಗಿನ ಜೊತೆ ಅದಕ್ಕೆ ಹೊಂದೋ ಶಾಕ್ಸ್, ಸೂಕ್ತ ಉದ್ದದ ಬಂಪ್ ಸ್ಟಾಪ್, ಕೆಲಸ ಮುಗಿದ ಮೇಲೆ ಮತ್ತೆ ಅಲೈನ್‌ಮೆಂಟ್, ಇಷ್ಟೂ ಬಜೆಟ್ಟಿನಲ್ಲಿ ಸೇರಿರಲಿ. ಸೇರಿಸೋಕೆ ಆಗ್ತಿಲ್ಲ ಅಂದರೆ ಸ್ಪ್ರಿಂಗನ್ನೂ ಮುಂದಕ್ಕೆ ಹಾಕಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತೆ. ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದಕ್ಕೇ ಗ್ಯಾರೇಜಿನವರ "ಏನೂ ಆಗಲ್ಲ ಬಿಡಿ ಸಾರ್" ಅನ್ನೋ ಮಾತು ನಂಬೋ ಮುಂಚೆ ಆರ್‌ಟಿಒನಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಕೇಳಿ. ಆರ್‌ಸಿ ಅಪ್ಪನ ಹೆಸರಲ್ಲಿದ್ದರೆ ಅವರನ್ನೂ ಕೇಳಿ, ಕೇಸಾದರೆ ಕರೆ ಹೋಗೋದು ಅವರಿಗೇ!

ಫೆಂಡರ್ ಗ್ಯಾಪನ್ನು ಎಲ್ಲರೂ ನೋಡ್ತಾರೆ, ಶಾಕ್ಸ್ ಯಾರ ಕಣ್ಣಿಗೂ ಬೀಳಲ್ಲ. ತಿರುವಿನಲ್ಲಿ ಗುಂಡಿ ಬಂದ ಆ ಅರ್ಧ ಸೆಕೆಂಡಿನಲ್ಲಿ ಟೈರನ್ನು ರಸ್ತೆಗೆ ಒತ್ತಿ ಹಿಡಿಯೋದು ಮಾತ್ರ ಆ ಕಣ್ಣಿಗೆ ಬೀಳದ ಭಾಗವೇ. ದುಡ್ಡು ಒಂದಕ್ಕೇ ಇದೆ ಅಂದರೆ ಅದಕ್ಕೇ ಹಾಕಿ.